ವೈಫೈ ಪಟ್ಟಿಯಲ್ಲಿ ಗುರುತಿಲ್ಲದ ಡಿವೈಸ್: ಯಾರದು ಅಂತ ಪತ್ತೆ ಹಚ್ಚುವ ದಾರಿ

ಯಾವುದೋ ಕೆಲಸಕ್ಕೆ ಅಂತ ರೂಟರ್ ಪುಟ ತೆರೆದಿರುತ್ತೀರಿ. ಗೊತ್ತಿರುವ ಆರು ಹೆಸರುಗಳ ನಡುವೆ ಏಳನೆಯದೊಂದು ಕೂತಿರುತ್ತದೆ. ಅದಕ್ಕೆ ಹೆಸರೂ ಸರಿಯಾಗಿ ಇರುವುದಿಲ್ಲ, ಒಂದಿಷ್ಟು ಅಕ್ಷರ ಮತ್ತು ಅಂಕಿ ಅಷ್ಟೇ. ಎದೆ ಧಸಕ್ ಅನ್ನುತ್ತದೆ. ಮೊದಲು ಹೊಳೆಯುವುದು ಪಕ್ಕದ ಮನೆಯವರು. ಆಮೇಲೆ ಹೊಳೆಯುವುದು ಪಾಸ್‌ವರ್ಡ್ ಬದಲಾಯಿಸಿಬಿಡೋಣ ಅಂತ.

ಎರಡನ್ನೂ ಸ್ವಲ್ಪ ಹೊತ್ತು ಬದಿಗಿಡಿ. ನಾನು ಕಂಡ ಮಟ್ಟಿಗೆ ಈ 'ಕಳ್ಳ'ರಲ್ಲಿ ಹೆಚ್ಚಿನವರು ಮನೆಯವರೇ, ಬೇರೆ ಹೆಸರು ಹಾಕಿಕೊಂಡು ಬಂದಿರುತ್ತಾರೆ. ಪಾಸ್‌ವರ್ಡ್ ಬದಲಾಯಿಸಿದರೆ ಆ ಡಿವೈಸ್ ಹೊರಗೆ ಹೋಗುತ್ತದೆ, ನಿಜ. ಆದರೆ ಅದು ಏನಾಗಿತ್ತು ಅನ್ನುವ ಸುಳಿವೂ ಅದರ ಹಿಂದೆಯೇ ಹೋಗುತ್ತದೆ. ಮೊದಲು ಗುರುತು ಹಿಡಿಯಿರಿ, ಹೊರಗೆ ಹಾಕುವುದು ಆಮೇಲೆ. ಗುರುತು ಹಿಡಿಯುವಾಗ ಹೆಸರನ್ನು ಜಾಸ್ತಿ ನಂಬಬೇಡಿ. ಅದು ಯಾವಾಗ ಬರುತ್ತದೆ, ಎಷ್ಟು ದೂರದಲ್ಲಿದೆ, ಏನು ಮಾಡುತ್ತದೆ ಅನ್ನುವುದನ್ನು ನೋಡಿ.

ಶುರು ಮಾಡುವ ಮುಂಚೆ

ಸರಿಯಾದ ಪಟ್ಟಿ ಇರುವುದು ರೂಟರ್‌ನಲ್ಲಿ. ಅದರ ತಳದ ಸ್ಟಿಕರ್ ಮೇಲೆ ಒಂದು ವಿಳಾಸ ಇರುತ್ತದೆ, ಹೆಚ್ಚಾಗಿ 192.168.0.1 ಅಥವಾ 192.168.1.1. ಮನೆಯ ವೈಫೈಗೆ ಸೇರಿರುವ ಫೋನ್ ಅಥವಾ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಅದನ್ನು ಟೈಪ್ ಮಾಡಿದರೆ ಲಾಗಿನ್ ಪುಟ ಬರುತ್ತದೆ. ಇಲ್ಲಿ ಕೇಳುವುದು ರೂಟರ್‌ನ ಅಡ್ಮಿನ್ ಪಾಸ್‌ವರ್ಡ್. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಕೆಲವು ಕಂಪನಿಗಳು ಇದಕ್ಕೆಲ್ಲ ಫೋನ್ ಆ್ಯಪ್ ಕೊಟ್ಟಿರುತ್ತವೆ, ಅದೂ ಆದೀತು. ಒಳಗೆ 'ಕನೆಕ್ಟೆಡ್ ಡಿವೈಸಸ್', 'ಕ್ಲೈಂಟ್ ಲಿಸ್ಟ್' ಅಥವಾ 'ಡಿಎಚ್‌ಸಿಪಿ' ಅನ್ನುವ ಜಾಗ ಹುಡುಕಿ.

ಪಟ್ಟಿ ಸಿಕ್ಕ ತಕ್ಷಣ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ಏನೇ ಬದಲಾಯಿಸಿದರೂ ಹಳೆಯದು ಹೇಗಿತ್ತು ಅಂತ ನೋಡಲು ಬೇಕಾಗುತ್ತದೆ.

ಲಕ್ಷಣ: ಪಟ್ಟಿಯಲ್ಲಿ ಒಂದು ಡಿವೈಸ್ ಜಾಸ್ತಿ ಇದೆ

ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ. ಅದು ಈಗ ನಿಜಕ್ಕೂ ಸೇರಿಕೊಂಡಿದೆಯೇ? ಎಷ್ಟೋ ರೂಟರ್‌ಗಳು ಹಿಂದೆ ಬಂದು ಹೋದವರನ್ನೂ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತವೆ. ಡಿಎಚ್‌ಸಿಪಿ ಅಂದರೆ ಒಳಗೆ ಬಂದ ಡಿವೈಸ್‌ಗೆ ಒಂದು ವಿಳಾಸವನ್ನು ಇಂತಿಷ್ಟು ಹೊತ್ತಿಗೆ ಅಂತ ಬಾಡಿಗೆಗೆ ಕೊಡುವ ವ್ಯವಸ್ಥೆ. ಈ ಅವಧಿ ಬಹಳ ರೂಟರ್‌ಗಳಲ್ಲಿ 24 ಗಂಟೆ. ನೆನ್ನೆ ಸಂಜೆ ಬಂದು ಹೋದ ನೆಂಟರ ಫೋನ್ ಇವತ್ತು ಬೆಳಿಗ್ಗೆಯೂ ಕಾಣುವುದು ಈ ಕಾರಣಕ್ಕೆ. ಹೆಸರಿನ ಪಕ್ಕ 'ಆನ್‌ಲೈನ್' ಗುರುತು ಇದೆಯೇ, ಬೂದು ಬಣ್ಣಕ್ಕೆ ತಿರುಗಿದೆಯೇ ನೋಡಿ. ಅನುಮಾನ ಇದ್ದರೆ ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಹತ್ತು ನಿಮಿಷ ಬಿಟ್ಟು ಪಟ್ಟಿ ನೋಡಿ. ಮತ್ತೆ ಬಂದಿದ್ದರೆ ಆ ಡಿವೈಸ್ ಈಗಲೂ ಸುತ್ತಮುತ್ತ ಇದೆ ಅಂತ ಅರ್ಥ.

ಆಮೇಲೆ ಮನೆಯಲ್ಲಿ ಒಂದು ಸುತ್ತು ಹಾಕಿ, ವೈಫೈ ಬಳಸುವುದನ್ನೆಲ್ಲ ಕಾಗದದ ಮೇಲೆ ಬರೆಯಿರಿ. ಫೋನ್, ಲ್ಯಾಪ್‌ಟಾಪ್ ಯಾರೂ ಮರೆಯುವುದಿಲ್ಲ. ಮರೆಯುವುದು ಇಂಥವನ್ನು: ಡ್ರಾಯರ್‌ನಲ್ಲಿ ಬಿದ್ದಿರುವ ಹಳೆಯ ಫೋನ್, ಪ್ರಿಂಟರ್, ಟಿವಿ ಹಿಂದೆ ಚುಚ್ಚಿರುವ ಸ್ಟಿಕ್, ಇ-ಪುಸ್ತಕ ಓದುವ ಸಾಧನ, ಸ್ಮಾರ್ಟ್ ವಾಚ್, ನೆಲ ಗುಡಿಸುವ ರೋಬೋ, ಎಸಿ, ವಾಷಿಂಗ್ ಮೆಷಿನ್, ಕಾಲಿಂಗ್ ಬೆಲ್ ಕ್ಯಾಮೆರಾ, ಸೋಲಾರ್ ಇನ್ವರ್ಟರ್, ವಿಡಿಯೋ ಗೇಮ್ ಪೆಟ್ಟಿಗೆ, ಸ್ಮಾರ್ಟ್ ಪ್ಲಗ್. ಮನೆ ಮುಂದೆ ನಿಲ್ಲಿಸಿದ ಕಾರು ಕೂಡ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಅಂತ ವೈಫೈಗೆ ಸೇರಿರಬಹುದು. ಇಂಟರ್ನೆಟ್ ಕೊಡುವವರೇ ಇಟ್ಟು ಹೋದ ಟಿವಿ ಪೆಟ್ಟಿಗೆಯೂ ಪಟ್ಟಿಯಲ್ಲಿ ಒಂದು ಸಾಲು ಹಿಡಿಯುತ್ತದೆ.

ಒಂದೇ ವಸ್ತು ಎರಡು ಸಾಲಿನಲ್ಲಿ ಬರುವುದೂ ಉಂಟು. ಲ್ಯಾಪ್‌ಟಾಪ್‌ಗೆ ವೈಫೈ ಒಂದು ಗುರುತು, ಕೇಬಲ್‌ಗೆ ಇನ್ನೊಂದು ಗುರುತು. ಬೆಳಿಗ್ಗೆ ಕೇಬಲ್ ಹಾಕಿ ಮಧ್ಯಾಹ್ನ ಕಿತ್ತಿದ್ದರೆ ಎರಡೂ ಕಾಣುತ್ತವೆ. ಮನೆಯಲ್ಲಿ ಮೆಶ್ ವೈಫೈ, ಅಂದರೆ ಹಲವು ಪೆಟ್ಟಿಗೆಗಳು ಸೇರಿ ಮನೆ ತುಂಬ ಸಿಗ್ನಲ್ ಕೊಡುವ ವ್ಯವಸ್ಥೆ ಇದ್ದರೆ ಅದರ ಒಂದೊಂದು ಪೆಟ್ಟಿಗೆಯೂ ಡಿವೈಸ್ ಥರ ಕಾಣಬಹುದು.

ಎಣಿಕೆ ತಾಳೆಯಾದರೆ ಇಲ್ಲಿಗೇ ನಿಲ್ಲಿಸಿ. ಸುಮ್ನೆ ಮುಂದೆ ಹೋಗಿ ತಲೆ ಕೆಡಿಸಿಕೊಳ್ಳುವುದು ಬೇಡ.

ಲಕ್ಷಣ: ಹೆಸರು ಇಲ್ಲ, ಅಥವಾ ಕೇಳಿಯೇ ಇಲ್ಲದ ಕಂಪನಿ ಹೆಸರು

ಪ್ರತಿ ಸಾಲಿನಲ್ಲೂ ಆರು ಜೋಡಿ ಅಕ್ಷರ-ಅಂಕಿಗಳ ಒಂದು ಸರ ಇರುತ್ತದೆ, ನಡುವೆ ಎರಡೆರಡು ಚುಕ್ಕಿ. ಇದೇ ಮ್ಯಾಕ್ ವಿಳಾಸ. ಅಂಕಿಗಳು 0ಯಿಂದ 9, ಅಕ್ಷರಗಳು ಇಂಗ್ಲಿಷಿನ ಎ ಇಂದ ಎಫ್ ತನಕ. ಮೊದಲ ಮೂರು ಜೋಡಿ ತಯಾರಕರ ಗುರುತು. ಐಇಇಇ ಅನ್ನುವ ಎಂಜಿನಿಯರ್‌ಗಳ ಸಂಸ್ಥೆ ಇದನ್ನು ಕಂಪನಿಗಳಿಗೆ ಹಂಚುತ್ತದೆ, ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. 'ಮ್ಯಾಕ್ ವೆಂಡರ್ ಲುಕಪ್' ಅಂತ ಹುಡುಕಿದರೆ ಬರುವ ಪುಟಗಳಲ್ಲಿ ಮೊದಲ ಮೂರು ಜೋಡಿ ಹಾಕಿದರೆ ಸಾಕು, ಹೆಸರು ಬರುತ್ತದೆ. ಇಡೀ ವಿಳಾಸ ಹಾಕುವ ಅಗತ್ಯ ಇಲ್ಲ.

ಜನ ಗಾಬರಿಯಾಗುವುದು ಹೆಚ್ಚಾಗಿ ಇಲ್ಲೇ. ಬರುವ ಹೆಸರು ಡಬ್ಬದ ಮೇಲೆ ಕಂಡ ಬ್ರ್ಯಾಂಡ್ ಆಗಿರುವುದಿಲ್ಲ, ಒಳಗಿರುವ ವೈಫೈ ಚಿಪ್ ಮಾಡಿದವರದ್ದಾಗಿರುತ್ತದೆ. 'ಎಸ್‌ಪ್ರೆಸಿಫ್' ಅಂತ ಬಂತೇ? ಸ್ಮಾರ್ಟ್ ಬಲ್ಬ್, ಪ್ಲಗ್, ಸ್ವಿಚ್ಚುಗಳನ್ನು ನೋಡಿ. ಅವರ ಇಎಸ್‌ಪಿ8266 ಮತ್ತು ಇಎಸ್‌ಪಿ32 ಚಿಪ್‌ಗಳು ಇಂಥ ಲೆಕ್ಕವಿಲ್ಲದಷ್ಟು ವಸ್ತುಗಳಲ್ಲಿ ಇವೆ. ಹೆಸರಿನ ಜಾಗದಲ್ಲಿ 'ಇಎಸ್‌ಪಿ' ಅಂತ ಶುರುವಾಗಿ ಮುಂದೆ ಆರು ಅಕ್ಷರ ಇದ್ದರೂ ಅದೇ ಅರ್ಥ. 'ತುಯಾ' ಅಂದರೂ ಇದೇ ಬಳಗ. 'ಹುಯಿ ಝೌ ಗಾವೋಶೆಂಗ್ಡಾ' ಅನ್ನುವ ಉದ್ದದ ಹೆಸರು ಕಂಡರೆ ಮೊದಲು ಟಿವಿ ಆಫ್ ಮಾಡಿ ನೋಡಿ, ಆ ಕಂಪನಿಯ ವೈಫೈ ಮಾಡ್ಯೂಲ್‌ಗಳು ಟಿವಿಗಳಲ್ಲಿ ಬರುತ್ತವೆ. 'ಹಾನ್ ಹಾಯ್' ಅಂದರೆ ಫಾಕ್ಸ್‌ಕಾನ್, ಬೇರೆಯವರ ಬ್ರ್ಯಾಂಡಿಗೆ ಸಾಮಾನು ಮಾಡಿಕೊಡುವ ಕಾರ್ಖಾನೆ. ಗೇಮ್ ಪೆಟ್ಟಿಗೆ, ಪ್ರಿಂಟರ್, ಲ್ಯಾಪ್‌ಟಾಪ್ ಏನೂ ಆಗಿರಬಹುದು. 'ಇಂಟೆಲ್', 'ಅಝ್ಯೂರ್‌ವೇವ್', 'ಲೈಟ್-ಆನ್' ಬಂದರೆ ಲ್ಯಾಪ್‌ಟಾಪ್‌ನಿಂದ ಹುಡುಕಲು ಶುರು ಮಾಡಿ. 'ಮುರಾಟಾ' ಕೆಲವು ಫೋನ್‌ಗಳಲ್ಲಿ ಕಂಡುಬರುವ ಹೆಸರು.

ಇಷ್ಟರಿಂದ ಡಿವೈಸ್ ಯಾವ ಜಾತಿಯದು ಅಂತ ಗೊತ್ತಾಗುತ್ತದೆ. ಯಾರದು ಅನ್ನುವುದು ಇನ್ನೂ ಬಾಕಿ. ನಿಮ್ಮನೆ ಬಲ್ಬಿನಲ್ಲೂ ಪಕ್ಕದ ಮನೆ ಬಲ್ಬಿನಲ್ಲೂ ಒಂದೇ ಚಿಪ್ ಇರಬಹುದು, ಅಲ್ವಾ? ಹಾಗಾಗಿ ಪೂರ್ತಿ ವಿಳಾಸ ತಾಳೆ ನೋಡಿ. ಪ್ಲಗ್, ಪ್ರಿಂಟರ್, ಟಿವಿ ಎಲ್ಲದರ ಮೈಮೇಲೆ ಅಥವಾ ಸೆಟ್ಟಿಂಗ್‌ನಲ್ಲಿ ಮ್ಯಾಕ್ ವಿಳಾಸ ಬರೆದಿರುತ್ತದೆ. ಬಲ್ಬಿನದ್ದು ಅದರ ಆ್ಯಪ್‌ನಲ್ಲಿ 'ಡಿವೈಸ್ ಇನ್‌ಫರ್ಮೇಶನ್' ಒಳಗೆ ಸಿಗುತ್ತದೆ. ಆರೂ ಜೋಡಿ ಹೊಂದಿದರೆ ಕೆಲಸ ಮುಗಿಯಿತು.

ಲಕ್ಷಣ: ಒಂದನ್ನು ಗುರುತಿಸಿದರೆ ಇನ್ನೊಂದು ಹೊಸದು ಬರುತ್ತದೆ

ತಯಾರಕರ ಹೆಸರು ಹುಡುಕಿದರೆ ಏನೂ ಸಿಗಲಿಲ್ಲವೇ? ವಿಳಾಸದ ಎರಡನೆಯ ಅಕ್ಷರ ಒಂದನ್ನೇ ನೋಡಿ. ಮೊದಲನೆಯದಲ್ಲ, ಎರಡನೆಯದು. ಅದು 2, 6, ಎ ಅಥವಾ ಇ ಆಗಿದ್ದರೆ ಆ ವಿಳಾಸ ಕಾರ್ಖಾನೆಯಲ್ಲಿ ಬರೆದದ್ದಲ್ಲ, ಡಿವೈಸ್ ತಾನೇ ಸೃಷ್ಟಿಸಿಕೊಂಡದ್ದು. ಉದಾಹರಣೆಗೆ 'ಡಿಎ' ಅಂತ ಶುರುವಾದರೆ ಮುಖವಾಡ. 'ಡಿ8' ಅಂತ ಶುರುವಾದರೆ ಅಸಲಿ ವಿಳಾಸ ಇರಬೇಕು.

ಇದರಲ್ಲಿ ಕಳ್ಳತನ ಏನೂ ಇಲ್ಲ. ಹೋದಲ್ಲೆಲ್ಲ ಒಂದೇ ವಿಳಾಸ ತೋರಿಸಿದರೆ ನಿಮ್ಮ ಓಡಾಟವನ್ನು ಹಿಂಬಾಲಿಸುವುದು ಸುಲಭ ಅಂತ ಫೋನ್‌ಗಳೇ ಮುಖವಾಡ ಹಾಕಲು ಶುರು ಮಾಡಿದವು. ಆಂಡ್ರಾಯ್ಡ್‌ನಲ್ಲಿ ಇದು 2019ರ 10ನೇ ಆವೃತ್ತಿಯಿಂದ, ಐಫೋನ್‌ನಲ್ಲಿ 2020ರ ಐಒಎಸ್ 14ರಿಂದ ತಾನಾಗಿಯೇ ಆನ್ ಇರುತ್ತದೆ. ಹಾಗಾಗಿ ಮುಖವಾಡದ ವಿಳಾಸ ಕಂಡರೆ ಮೊದಲು ಮನೆಯವರ ಫೋನು, ಟ್ಯಾಬ್, ವಾಚ್‌ಗಳನ್ನೇ ನೋಡಿ.

ಸಾಮಾನ್ಯವಾಗಿ ಒಂದು ನೆಟ್‌ವರ್ಕ್‌ಗೆ ಒಂದೇ ಮುಖವಾಡ, ಅದು ಬದಲಾಗುವುದಿಲ್ಲ. ಆದರೆ 2.4 ಗಿಗಾಹರ್ಟ್ಸ್ ವೈಫೈಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಹೆಸರು ಇಟ್ಟಿದ್ದರೆ ಫೋನ್ ಪಾಲಿಗೆ ಅವು ಎರಡು ನೆಟ್‌ವರ್ಕ್. ಒಂದೇ ಫೋನು ಎರಡು ಅಪರಿಚಿತರಾಗಿ ಕಾಣುವುದು ಹೀಗೆ. ಫೋನ್ ರೀಸೆಟ್ ಮಾಡಿದರೂ ಹೊಸ ವಿಳಾಸ ಬರುತ್ತದೆ. ಹೊಸ ಐಫೋನ್‌ಗಳಲ್ಲಿ ಆಗಾಗ ವಿಳಾಸ ಬದಲಾಯಿಸುವ 'ರೊಟೇಟಿಂಗ್' ಅನ್ನುವ ಆಯ್ಕೆಯೂ ಇದೆ. ಮನೆಯ ನೆಟ್‌ವರ್ಕ್‌ಗೆ ಅದು ಆನ್ ಆಗಿದ್ದರೆ ಪಟ್ಟಿಯಲ್ಲಿ ಹೊಸಬರು ಬರುತ್ತಲೇ ಇರುತ್ತಾರೆ.

ಪರೀಕ್ಷೆ ಸುಲಭ. ಪ್ರತಿ ಫೋನಿನಲ್ಲೂ ವೈಫೈ ಸೆಟ್ಟಿಂಗ್‌ಗೆ ಹೋಗಿ, ನಿಮ್ಮ ನೆಟ್‌ವರ್ಕ್ ಹೆಸರಿನ ಪಕ್ಕದ ವಿವರ ತೆರೆದು, ಅಲ್ಲಿ ಕಾಣುವ ವಿಳಾಸವನ್ನು ರೂಟರ್ ಪಟ್ಟಿಯ ಜೊತೆ ಹೋಲಿಸಿ. ಫೋನಿನ ಡಬ್ಬದ ಮೇಲಿರುವ ವಿಳಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅದು ಅಸಲಿಯದು. ಬೇಕಿದ್ದರೆ ಮನೆಯ ನೆಟ್‌ವರ್ಕ್ ಒಂದಕ್ಕೆ ಮಾತ್ರ ಮುಖವಾಡವನ್ನು 'ಫಿಕ್ಸ್ಡ್' ಮಾಡಿ ಅಥವಾ ಆಫ್ ಮಾಡಿ. ಹೊರಗಿನ ವೈಫೈಗಳಿಗೆ ಅದು ಇದ್ದರೇ ಒಳ್ಳೆಯದು.

ಲಕ್ಷಣ: ವಿಂಡೋಸ್‌ನಲ್ಲಿ ಯಾರದೋ ಫೋನ್ ಕಾಣುತ್ತದೆ, ರೂಟರ್‌ನಲ್ಲಿ ಇಲ್ಲ

ಕಂಪ್ಯೂಟರ್‌ನ 'ನೆಟ್‌ವರ್ಕ್' ಫೋಲ್ಡರ್ ತೆರೆದರೆ ಯಾವುದೋ ಫೋನ್ ಅಥವಾ ಟ್ಯಾಬ್‌ನ ಹೆಸರು. ರೂಟರ್ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಅದಿಲ್ಲ. ರೂಟರ್ ಹೇಳುವುದನ್ನೇ ನಂಬಿ. ಸುತ್ತಮುತ್ತ 'ನಾನಿದ್ದೇನೆ' ಅಂತ ಗಾಳಿಯಲ್ಲಿ ಕೂಗುವ ಡಿವೈಸ್‌ಗಳನ್ನೂ ವಿಂಡೋಸ್ ಕೆಲವೊಮ್ಮೆ ಆ ಫೋಲ್ಡರ್‌ನಲ್ಲಿ ತೋರಿಸುತ್ತದೆ. ಅವು ನಿಮ್ಮ ನೆಟ್‌ವರ್ಕಿನ ಒಳಗೆ ಬಂದಿರುವುದಿಲ್ಲ. ಇದಕ್ಕೆ ನಿದ್ದೆಗೆಡಬೇಡಿ.

ಲಕ್ಷಣ: ಯಾವುದೋ ಹೊತ್ತಲ್ಲಿ ಬಂದು ತಟ್ಟನೆ ಮಾಯವಾಗುತ್ತದೆ

ನನ್ನನ್ನು ಸತಾಯಿಸಿದ್ದು ಇದು. 'ಇಎಸ್‌ಪಿ' ಅಂತ ಶುರುವಾಗುವ ಹೆಸರು. ನಾನು ನೋಡಿದಾಗೆಲ್ಲ ಬೂದು ಬಣ್ಣ, ಅಂದರೆ ಆಫ್‌ಲೈನ್. ಆದರೆ 'ಕೊನೆಯ ಬಾರಿ ಕಂಡದ್ದು' ಅನ್ನುವ ಕಡೆ ದಿನಾ ಹೊಸ ತಾರೀಕು. ಪಾಸ್‌ವರ್ಡ್ ಬದಲಾಯಿಸಿದೆ. ಮಾರನೆ ದಿನದಿಂದ ಅದರ ಸುಳಿವಿಲ್ಲ. ಕಳ್ಳನನ್ನು ಓಡಿಸಿದೆ ಅಂತ ಮನೆಯಲ್ಲಿ ಜಂಬ ಕೊಚ್ಚಿಕೊಂಡದ್ದೂ ಆಯಿತು. ವಾರ ಕಳೆದ ಮೇಲೆ ಅಪ್ಪ ಬಂದು ಫೋನ್ ಮುಂದೆ ಹಿಡಿದರು. "ಇದ್ಯಾಕೋ ನನ್ನ ತೂಕ ಇದರಲ್ಲಿ ಬರ್ತಾನೇ ಇಲ್ಲ, ಹೋದ ವಾರದ್ದೇ ತೋರಿಸ್ತಿದೆ."

ತೂಕದ ಯಂತ್ರ! ಮಂಚದ ಕೆಳಗೆ ಮಲಗಿರುತ್ತಿತ್ತು. ಬೆಳಿಗ್ಗೆ ಆರೂ ಹತ್ತಕ್ಕೆ ಅಪ್ಪ ಅದರ ಮೇಲೆ ನಿಂತಾಗ ಎದ್ದು ವೈಫೈಗೆ ಸೇರಿ, ತೂಕ ಕಳಿಸಿ, ಎರಡು ನಿಮಿಷದಲ್ಲಿ ಮತ್ತೆ ಮಲಗುತ್ತಿತ್ತು. ಬ್ಯಾಟರಿಯಲ್ಲಿ ನಡೆಯುವ ಸಾಮಾನುಗಳ ರೀತಿಯೇ ಇದು. ಕೆಲಸ ಇದ್ದಾಗ ಮಾತ್ರ ಎಚ್ಚರ.

ಪಾಸ್‌ವರ್ಡ್ ಮುಟ್ಟುವ ಬದಲು ಸಮಯ ಬರೆದಿಟ್ಟಿದ್ದರೆ ಎರಡೇ ದಿನದಲ್ಲಿ ಗೊತ್ತಾಗುತ್ತಿತ್ತು. ನೀವು ಹಾಗೆ ಮಾಡಿ. ರೂಟರ್‌ನಲ್ಲಿ 'ಸಿಸ್ಟಂ ಲಾಗ್' ಅನ್ನುವ ಪುಟ ಇದ್ದರೆ ಯಾವ ವಿಳಾಸ ಎಷ್ಟು ಗಂಟೆಗೆ ಸೇರಿತು ಅಂತ ಅಲ್ಲಿ ಸಿಗುತ್ತದೆ. ಮೊದಲು ರೂಟರ್‌ನ ಗಡಿಯಾರ ಸರಿಯಿದೆಯೇ ನೋಡಿಕೊಳ್ಳಿ, ಎಷ್ಟೋ ಬಾರಿ ಅದು ಬೇರೆ ದೇಶದ ಸಮಯದಲ್ಲಿ ಓಡುತ್ತಿರುತ್ತದೆ. ದಿನಾ ಒಂದೇ ಹೊತ್ತಿಗೆ ಬಂದರೆ ಯಾರದೋ ದಿನಚರಿಗೆ ಅಂಟಿಕೊಂಡ ವಸ್ತು. ಸರಿಯಾಗಿ ಗಂಟೆಗೊಮ್ಮೆ ಬಂದು ಹೋದರೆ ಯಂತ್ರ ತಾನಾಗಿ ವರದಿ ಕಳಿಸುತ್ತಿದೆ. ಮನೆಯವರೊಬ್ಬರು ಬಂದಾಗ ಬಂದು, ಹೋದಾಗ ಹೋದರೆ ಅದು ಅವರ ಜೇಬಿನಲ್ಲೋ ಕೈಮೇಲೋ ಇದೆ. ಯಾರಿಗೂ ಹೊಂದದೆ ಸಂಜೆಯಿಂದ ನಡುರಾತ್ರಿ ತನಕ ಎಡೆಬಿಡದೆ ಇದ್ದು ಜಾಸ್ತಿ ಡೇಟಾ ಎಳೆಯುತ್ತಿದ್ದರೆ ಮಾತ್ರ ಹೊರಗಿನವರ ಮೇಲೆ ಅನುಮಾನ ಪಡಲು ಕಾರಣ ಇದೆ.

ಲಕ್ಷಣ: ಎಲ್ಲ ತಾಳೆ ನೋಡಿದರೂ ಒಂದು ಉಳಿದೇ ಇದೆ

ಈಗ ಸ್ವಲ್ಪ ಮೈ ಬಗ್ಗಿಸಬೇಕು. ಮೊದಲು ಒಂದೊಂದಾಗಿ ಆಫ್ ಮಾಡುವ ಪರೀಕ್ಷೆ. ರೂಟರ್ ಮಾತ್ರ ಆನ್ ಇರಲಿ. ಬಾಕಿಯವನ್ನು ಒಂದೊಂದೇ ಆಫ್ ಮಾಡಿ, ನಾಲ್ಕೈದು ನಿಮಿಷ ಬಿಟ್ಟು ಪಟ್ಟಿ ರಿಫ್ರೆಶ್ ಮಾಡಿ. ರೂಟರ್‌ಗೆ ಒಬ್ಬರು ಹೋಗಿದ್ದು ತಿಳಿಯಲು ಅಷ್ಟು ಹೊತ್ತು ಬೇಕಾಗಬಹುದು, ಅವಸರ ಮಾಡಿದರೆ ತಪ್ಪು ವಸ್ತುವನ್ನು ದೂರುತ್ತೀರಿ. ಟಿವಿಯನ್ನು ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಸ್ಟ್ಯಾಂಡ್‌ಬೈನಲ್ಲೂ ಅದು ವೈಫೈ ಹಿಡಿದು ಕೂತಿರಬಹುದು.

ಒಂದು ಎಚ್ಚರಿಕೆ. ವೇಗವಾಗಿ ಮುಗಿಯಲಿ ಅಂತ ಮನೆಯ ಮೇನ್ ಸ್ವಿಚ್ ಎಳೆಯಬೇಡಿ. ಉಸಿರಾಟಕ್ಕೆ ನೆರವಾಗುವಂಥ ವೈದ್ಯಕೀಯ ಉಪಕರಣ, ಬೆಂಕಿ ಅಥವಾ ಕಳ್ಳರ ಅಲಾರಂ, ಬಾಗಿಲ ಸ್ಮಾರ್ಟ್ ಬೀಗ, ಮಗುವಿನ ಮಾನಿಟರ್ ಇವನ್ನು ಈ ಪರೀಕ್ಷೆಯಿಂದ ದೂರ ಇಡಿ. ಗೋಡೆಯ ಸ್ವಿಚ್ ಬೋರ್ಡ್ ಬಿಚ್ಚಿ ಒಳಗಿನ ಸ್ಮಾರ್ಟ್ ಸ್ವಿಚ್ಚಿನ ವಿಳಾಸ ಓದುವ ಸಾಹಸವೂ ಬೇಡ. ಅದು ಎಲೆಕ್ಟ್ರಿಷಿಯನ್ ಕೆಲಸ.

ಇದರಲ್ಲೂ ಸಿಗದಿದ್ದರೆ ದೂರ ಅಳೆಯಿರಿ. ಬಹಳಷ್ಟು ರೂಟರ್‌ಗಳು ಪ್ರತಿ ಡಿವೈಸ್‌ನ ಸಿಗ್ನಲ್ ಬಲವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತವೆ. ಇದು ಮೈನಸ್ ಸಂಖ್ಯೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು. -40 ಅಂದರೆ ಹೆಚ್ಚುಕಡಿಮೆ ಅದೇ ಕೋಣೆ. -60 ಅಂದರೆ ಒಂದೆರಡು ಗೋಡೆ ಆಚೆ. -80 ಅಂದರೆ ಬಹಳ ದೂರ ಅಥವಾ ದಪ್ಪ ಗೋಡೆಗಳ ಹಿಂದೆ. ನಿಮ್ಮ ಫೋನ್ ಹಿಡಿದು ಕೋಣೆ ಕೋಣೆಗೆ ಹೋಗಿ, ಅದರ ಸಂಖ್ಯೆ ರೂಟರ್‌ನಲ್ಲಿ ಎಷ್ಟು ತೋರಿಸುತ್ತದೆ ಅಂತ ಬರೆದುಕೊಳ್ಳಿ. ಅಪರಿಚಿತನ ಸಂಖ್ಯೆ ಯಾವ ಕೋಣೆಗೆ ಹತ್ತಿರ ಇದೆ? ಇದು ಅಂದಾಜು ಅಷ್ಟೇ. ಆದರೆ -45 ತೋರಿಸುವ ಡಿವೈಸ್ ಬೀದಿಯ ಆಚೆ ಇರಲಿಕ್ಕಿಲ್ಲ. ಅದು ಬಹುಶಃ ಮನೆಯೊಳಗೆ, ರೂಟರ್‌ನ ಹತ್ತಿರದಲ್ಲೇ ಇದೆ.

ಯಾವ ಬ್ಯಾಂಡ್‌ನಲ್ಲಿದೆ, ಅಂದರೆ 2.4 ಗಿಗಾಹರ್ಟ್ಸ್‌ನಲ್ಲೋ 5ರಲ್ಲೋ ಅನ್ನುವುದೂ ಮಾತಾಡುತ್ತದೆ. ಕಡಿಮೆ ಬೆಲೆಯ ಬಲ್ಬ್, ಪ್ಲಗ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಬರುತ್ತದೆ. 5ರಲ್ಲಿ ಕೂತಿದ್ದರೆ ಫೋನ್, ಲ್ಯಾಪ್‌ಟಾಪ್, ಟಿವಿ ಕಡೆ ನೋಡಿ.

ಕಂಪ್ಯೂಟರ್ ಬಳಸುವ ಅಭ್ಯಾಸ ಇದ್ದವರಿಗೆ ಇನ್ನೂ ಎರಡು ದಾರಿ ಇವೆ. ಒಂದು, ಕಮಾಂಡ್ ಕಿಟಕಿಯಲ್ಲಿ ಪಿಂಗ್, ಅಂದರೆ ಡಿವೈಸ್‌ಗೆ 'ಇದ್ದೀಯಾ' ಅಂತ ಕೇಳುವ ಆಜ್ಞೆ. ಪಿಂಗ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಆ ಡಿವೈಸ್‌ನ ಐಪಿ ವಿಳಾಸ (ರೂಟರ್ ಅದಕ್ಕೆ ಬಾಡಿಗೆಗೆ ಕೊಟ್ಟ ವಿಳಾಸ) ಕೊಡಿ. ಉತ್ತರದಲ್ಲಿ ಟಿಟಿಎಲ್ ಅನ್ನುವ ಸಂಖ್ಯೆ ಇರುತ್ತದೆ. 128 ಆದರೆ ಬಹುಶಃ ವಿಂಡೋಸ್. 64 ಆದರೆ ಆಂಡ್ರಾಯ್ಡ್, ಐಫೋನ್, ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್ ಅಥವಾ ಲಿನಕ್ಸ್ ಬಳಗ. ಉತ್ತರ ಬರಲಿಲ್ಲ ಅಂದರೆ ಡಿವೈಸ್ ಇಲ್ಲ ಅಂತೇನಲ್ಲ, ಪಿಂಗ್‌ಗೆ ಬಾಯಿ ಬಿಡದ ಡಿವೈಸ್‌ಗಳು ಬೇಕಾದಷ್ಟಿವೆ.

ಇನ್ನೊಂದು, 1997ರಿಂದ ಬಳಕೆಯಲ್ಲಿರುವ ಎನ್‌ಮ್ಯಾಪ್ ಅನ್ನುವ ಉಚಿತ ತಂತ್ರಾಂಶ. ಡಿವೈಸ್‌ನ ಯಾವ ಬಾಗಿಲುಗಳು, ಅಂದರೆ ಪೋರ್ಟ್‌ಗಳು ತೆರೆದಿವೆ ಅಂತ ಅದು ಹೇಳುತ್ತದೆ. 9100 ಅಥವಾ 631 ತೆರೆದಿದ್ದರೆ ಪ್ರಿಂಟರ್. 8008, 8009 ಇದ್ದರೆ ಟಿವಿಗೆ ಚುಚ್ಚುವ ಕ್ರೋಮ್‌ಕಾಸ್ಟ್ ಥರದ್ದು. 62078 ಇದ್ದರೆ ಐಫೋನ್ ಅಥವಾ ಐಪ್ಯಾಡ್. 554 ಇದ್ದರೆ ಕ್ಯಾಮೆರಾ ಇರಬಹುದು, ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. 80 ತೆರೆದಿದ್ದರೆ ಬ್ರೌಸರ್‌ನಲ್ಲಿ ಆ ಐಪಿ ವಿಳಾಸ ಹಾಕಿ ನೋಡಿ. ಕೆಲವೊಮ್ಮೆ ಪ್ರಿಂಟರ್ ತನ್ನ ಹೆಸರು ಹಾಕಿಕೊಂಡು ಪುಟ ತೆರೆದು ಕೂತಿರುತ್ತದೆ, ಇಷ್ಟೆಲ್ಲ ಒದ್ದಾಡಿದ್ದಕ್ಕೆ ನಗು ಬರುತ್ತದೆ. ಇಂಥ ಸ್ಕ್ಯಾನ್ ನಿಮ್ಮ ಸ್ವಂತ ನೆಟ್‌ವರ್ಕ್‌ನಲ್ಲಿ ಮಾತ್ರ. ಆಫೀಸು, ಹೋಟೆಲು, ಬೇರೆಯವರ ಮನೆಯಲ್ಲಿ ಬೇಡ, ತೊಂದರೆಗೆ ಸಿಕ್ಕಿಕೊಳ್ಳುತ್ತೀರಿ. ಯಾವುದೋ ಪುಟ ಪಾಸ್‌ವರ್ಡ್ ಕೇಳಿದರೆ ಊಹಿಸಿ ಒಳಗೆ ನುಗ್ಗಲು ಹೋಗಬೇಡಿ. ನಿಮಗೆ ಬೇಕಾದದ್ದು ಗುರುತು ಮಾತ್ರ.

ಕೊನೆಯ ಅಸ್ತ್ರ ಬ್ಲಾಕ್. ರೂಟರ್‌ನಲ್ಲಿ ಆ ಒಂದು ಡಿವೈಸ್‌ಗೆ 'ಪಾಝ್' (ತಾತ್ಕಾಲಿಕ ತಡೆ) ಅಥವಾ 'ಬ್ಲಾಕ್' ಒತ್ತಿ ಕಾಯಿರಿ. "ನೆಟ್ ಬರ್ತಿಲ್ಲ" ಅಂತ ಮನೆಯ ಯಾವ ಮೂಲೆಯಿಂದ ಕೂಗು ಬರುತ್ತದೋ ಉತ್ತರ ಅಲ್ಲೇ. ಒಂದು ವಾರ ಬಿಡಿ, ಒಂದು ದಿನ ಸಾಲದು. ನಮ್ಮ ತೂಕದ ಯಂತ್ರದ ದೂರು ಬರಲು ಎಷ್ಟು ದಿನ ಹಿಡಿಯಿತು ಅಂತ ನೋಡಿದಿರಲ್ಲ.

ಲಕ್ಷಣ: ನೆಟ್ ನಿಧಾನವಾಗಿದೆ, ಯಾರೋ ಕದಿಯುತ್ತಿರಬೇಕು

ನಿಧಾನಕ್ಕೆ ಕಾರಣ ನೂರು, ಕಳ್ಳತನ ಅದರಲ್ಲಿ ಕೊನೆಯ ಸಾಲಿನದ್ದು. ರೂಟರ್‌ನಲ್ಲಿ ಯಾರು ಎಷ್ಟು ಡೇಟಾ ಬಳಸಿದರು ಅನ್ನುವ ಪುಟ ಇದ್ದರೆ ನೋಡಿ. ಅಪರಿಚಿತ ಡಿವೈಸ್ ದಿನಕ್ಕೆ ಒಂದೆರಡು ಎಂಬಿ ಬಳಸಿದ್ದರೆ ನಿಧಾನಕ್ಕೆ ಅದು ಕಾರಣ ಅಲ್ಲ, ಯಾವುದೋ ಪ್ಲಗ್ ಇರಬೇಕು. ಗಿಗಾಬೈಟ್‌ಗಟ್ಟಲೆ ಹೋಗಿದ್ದರೆ ಯಾರೋ ವಿಡಿಯೋ ನೋಡುತ್ತಿದ್ದಾರೆ. ಡೌನ್‌ಲೋಡ್‌ಗಿಂತ ಅಪ್‌ಲೋಡ್ ಜಾಸ್ತಿ ಇದ್ದರೆ ಕ್ಯಾಮೆರಾ ಅಥವಾ ಬ್ಯಾಕಪ್ ಕಡೆ ಗಮನ ಕೊಡಿ.

ಲಕ್ಷಣ: ಪಾಸ್‌ವರ್ಡ್ ಬದಲಾಯಿಸಿದರೂ ಅದು ಮತ್ತೆ ಬಂತು

ಎಲ್ಲ ಪರೀಕ್ಷೆ ಮುಗಿದು ಹೊರಗಿನವರೇ ಅಂತ ಖಾತ್ರಿಯಾಗಿ, ಪಾಸ್‌ವರ್ಡ್ ಬದಲಾಯಿಸಿದಿರಿ. ಅದೇ ಮ್ಯಾಕ್ ವಿಳಾಸ ಮತ್ತೆ ಪ್ರತ್ಯಕ್ಷ. ಆಗ ಇವನ್ನು ನೋಡಿ.

ಅದು ಕೇಬಲ್‌ನಲ್ಲಿ ಬಂದದ್ದೇ? ಪಟ್ಟಿಯಲ್ಲಿ 'ವೈರ್ಡ್' ಅಥವಾ 'ಲ್ಯಾನ್' ಅಂತಿದ್ದರೆ ವೈಫೈ ಪಾಸ್‌ವರ್ಡ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ರೂಟರ್ ಹಿಂದೆ ಚುಚ್ಚಿರುವ ಕೇಬಲ್‌ಗಳನ್ನು ತುದಿ ತನಕ ಹಿಂಬಾಲಿಸಿ.

ಹೊಸ ಪಾಸ್‌ವರ್ಡನ್ನು ಮನೆಯವರೇ ಕೊಟ್ಟರೇ? ಆಂಡ್ರಾಯ್ಡ್ 10ರಿಂದ ಈಚೆಗೆ ವೈಫೈ ಸೆಟ್ಟಿಂಗ್‌ನಲ್ಲೇ ಕ್ಯೂಆರ್ ಕೋಡ್ ತೋರಿಸಿ ಯಾರನ್ನಾದರೂ ಸೇರಿಸಬಹುದು. ಐಫೋನ್‌ಗಳು ಪಕ್ಕದಲ್ಲಿರುವ ಪರಿಚಯದವರಿಗೆ ಒಂದೇ ಒತ್ತಿಗೆ ಪಾಸ್‌ವರ್ಡ್ ದಾಟಿಸುತ್ತವೆ. ಮಕ್ಕಳ ಸ್ನೇಹಿತರು ಬಂದು ಹೋದರೇ ಅಂತ ಮೊದಲು ಕೇಳಿ. ಕೇಳುವ ಧಾಟಿ ಮೆತ್ತಗಿರಲಿ, ಇಲ್ಲದಿದ್ದರೆ ಯಾರೂ ಒಪ್ಪಿಕೊಳ್ಳುವುದಿಲ್ಲ.

ಡಬ್ಲ್ಯುಪಿಎಸ್ ಆನ್ ಇದೆಯೇ? ಬಟನ್ ಒತ್ತಿ ಅಥವಾ ಎಂಟಂಕಿಯ ಪಿನ್ ಹಾಕಿ ಸೇರಿಕೊಳ್ಳುವ ಸೌಲಭ್ಯ ಅದು. ಎಂಟಂಕಿ ಅಂದರೆ ಕೋಟಿಗಟ್ಟಲೆ ಸಾಧ್ಯತೆ ಇರಬೇಕಲ್ಲ? ಆದರೆ ರೂಟರ್ ಆ ಪಿನ್ನನ್ನು ಎರಡು ಅರ್ಧವಾಗಿ ಪರೀಕ್ಷಿಸುತ್ತದೆ. ಮೊದಲ ಅರ್ಧಕ್ಕೆ 10,000 ಸಾಧ್ಯತೆ. ಎರಡನೆಯ ಅರ್ಧದ ಕೊನೆಯ ಅಂಕಿ ಬರೀ ತಾಳೆಗೆ, ಹಾಗಾಗಿ ಅಲ್ಲಿ 1,000. ಒಟ್ಟು 11,000 ಬಾರಿ ಪ್ರಯತ್ನಿಸಿದರೆ ಬಾಗಿಲು ತೆರೆಯುತ್ತದೆ. ಈ ಹುಳುಕು 2011ರ ಕೊನೆಗೇ ಬಯಲಾಯಿತು. ಪಿನ್ ಸಿಕ್ಕವರಿಗೆ ನಿಮ್ಮ ಹೊಸ ಪಾಸ್‌ವರ್ಡೂ ಸಿಗುತ್ತದೆ. ಆಫ್ ಮಾಡಿ.

ವೈಫೈಯನ್ನು ದೂರದ ಕೋಣೆಗಳಿಗೆ ಮುಟ್ಟಿಸುವ ಹಳೆಯ ಎಕ್ಸ್‌ಟೆಂಡರ್ ಇದ್ದರೆ ಅದನ್ನೂ ನೋಡಿ. ಅದರ ಹಿಂದೆ ಸೇರಿದವರ ವಿಳಾಸವನ್ನು ಕೆಲವು ಎಕ್ಸ್‌ಟೆಂಡರ್‌ಗಳು ಬದಲಾಯಿಸಿ ತೋರಿಸುತ್ತವೆ, ಮನೆಯ ಫೋನೇ ಹೊಸಬನ ಥರ ಕಾಣುತ್ತದೆ. ಅದರ ಸ್ವಂತ ವೈಫೈಗೆ ಬೇರೆ ಹೆಸರು, ಹಳೇ ಪಾಸ್‌ವರ್ಡ್ ಉಳಿದಿದ್ದರೆ ಅದು ಹಿತ್ತಲ ಬಾಗಿಲು.

ಹೊಸ ಪಾಸ್‌ವರ್ಡ್ ಹಾಕುವಾಗ ಭದ್ರತೆಯ ಆಯ್ಕೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಎಂಟು ಅಕ್ಷರ ಕನಿಷ್ಠ ಮಿತಿ ಅಷ್ಟೇ, ಹದಿನೈದರ ಮೇಲಿದ್ದರೆ ನೆಮ್ಮದಿ. ಮ್ಯಾಕ್ ಫಿಲ್ಟರ್, ಅಂದರೆ ನೀವು ಒಪ್ಪಿದ ಮ್ಯಾಕ್ ವಿಳಾಸಗಳನ್ನು ಮಾತ್ರ ಒಳಗೆ ಬಿಡುವ ಏರ್ಪಾಡು ಹಾಕಿದರೆ ಸಾಕು ಅನ್ನುವವರಿದ್ದಾರೆ. ಒಳಗೆ ಬಿಟ್ಟ ಡಿವೈಸ್‌ನ ವಿಳಾಸವನ್ನು ನಕಲು ಮಾಡುವುದು ಗೊತ್ತಿದ್ದವರಿಗೆ ಕೆಲವು ನಿಮಿಷದ ಕೆಲಸ. ಮುಖವಾಡದ ಫೋನ್‌ಗಳಿಂದ ನಿಮಗೇ ಕಿರಿಕಿರಿ ಜಾಸ್ತಿ. ನಾನಂತೂ ಅದನ್ನು ಕಾವಲು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಲಕ್ಷಣ: ರೂಟರ್‌ನ ಸೆಟ್ಟಿಂಗ್‌ಗಳು ತಾವಾಗಿ ಬದಲಾಗಿವೆ

ಅಡ್ಮಿನ್ ಪಾಸ್‌ವರ್ಡ್ ಒಪ್ಪುತ್ತಿಲ್ಲ. ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗದಲ್ಲಿ ನೀವು ಹಾಕದ ಸಂಖ್ಯೆ ಇದೆ. ಹೊರಗಿನಿಂದ ರೂಟರ್ ನಡೆಸಲು ಬಿಡುವ 'ರಿಮೋಟ್ ಮ್ಯಾನೇಜ್‌ಮೆಂಟ್' ಆನ್ ಆಗಿದೆ. ಗೊತ್ತಿರುವ ವೆಬ್‌ಸೈಟ್ ತೆರೆದರೆ ಬೇರೆಲ್ಲಿಗೋ ಹೋಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಡಿವೈಸ್ ಹುಡುಕುವುದನ್ನು ನಿಲ್ಲಿಸಿ. ಈಗ ಪಟ್ಟಿಯನ್ನೂ ನಂಬುವ ಹಾಗಿಲ್ಲ.

ಆ ನೆಟ್‌ವರ್ಕ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ. ಮೊದಲು ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿ, ಅವರೇ ದೂರದಿಂದ ಏನಾದರೂ ಬದಲಾಯಿಸಿದರೇ ಅಂತ ಕೇಳಿ, ಎಷ್ಟೋ ಸಲ ಅವರೇ ಮಾಡಿರುತ್ತಾರೆ. ಅಲ್ಲ ಅಂದರೆ ಇಂಟರ್ನೆಟ್ ಕೇಬಲ್ ಕಿತ್ತು, ರೂಟರ್ ಹಿಂದಿನ ಸಣ್ಣ ರೀಸೆಟ್ ತೂತಿನೊಳಗೆ ಪಿನ್ ಹಾಕಿ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಇದರಿಂದ ಕನೆಕ್ಷನ್‌ನ ವಿವರಗಳೂ ಅಳಿಸಿಹೋಗುತ್ತವೆ, ಹಾಗಾಗಿ ಲಾಗಿನ್ ಹೆಸರು, ಪಾಸ್‌ವರ್ಡ್ ಕೈಯಲ್ಲಿ ಇಲ್ಲದೆ ಒತ್ತಬೇಡಿ. ಆಮೇಲೆ ಹೊಸ ಅಡ್ಮಿನ್ ಪಾಸ್‌ವರ್ಡ್, ಹೊಸ ವೈಫೈ ಪಾಸ್‌ವರ್ಡ್, ಕೇಬಲ್ ಚುಚ್ಚಿ ಫರ್ಮ್‌ವೇರ್ (ರೂಟರ್ ಒಳಗಿನ ತಂತ್ರಾಂಶ) ಅಪ್‌ಡೇಟ್. ಕಂಪನಿ ಅಪ್‌ಡೇಟ್ ಕೊಡುವುದನ್ನೇ ನಿಲ್ಲಿಸಿದ ಹಳೆಯ ರೂಟರ್ ಆಗಿದ್ದರೆ ಹೊಸದು ತರುವುದೇ ಸರಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಬಾಡಿಗೆ ಕೋಣೆಯಲ್ಲೋ ಮನೆಯಲ್ಲೋ ನೀವು ಇಡದ ಕ್ಯಾಮೆರಾ ಸಿಕ್ಕಿದರೆ ಅದನ್ನು ಮುಟ್ಟಬೇಡಿ, ಬಿಚ್ಚಬೇಡಿ. ಇದ್ದ ಜಾಗದಲ್ಲೇ ಫೋಟೋ ತೆಗೆದು, ಆ ಕೋಣೆಯಿಂದ ಹೊರಗೆ ಬಂದು ಪೊಲೀಸರಿಗೆ ತಿಳಿಸಿ. ಅದರ ಮೇಲಿನ ಬೆರಳ ಗುರುತು, ಒಳಗಿನ ಮೆಮೊರಿ ಕಾರ್ಡ್ ಎಲ್ಲ ಸಾಕ್ಷಿ.

ಮನೆಯವರೇ ಒಬ್ಬರು ನಿಮ್ಮ ಮೇಲೆ ಕಣ್ಣಿಡಲು ಏನೋ ಇಟ್ಟಿದ್ದಾರೆ ಅನ್ನುವ ಭಯ ಇದ್ದರೆ ಈ ಕೈಪಿಡಿಯ ಕ್ರಮ ನಿಮಗೆ ಹೊಂದುವುದಿಲ್ಲ. ಡಿವೈಸ್ ಬ್ಲಾಕ್ ಮಾಡಿದ ಕ್ಷಣ ಅವರಿಗೆ ಗೊತ್ತಾಗುತ್ತದೆ. ಮೊದಲು ಅವರ ಕೈಗೆ ಸಿಗದ ಬೇರೆ ಫೋನಿನಿಂದ, ಬೇರೆ ನೆಟ್‌ವರ್ಕ್‌ನಿಂದ ನೆರವು ಕೇಳಿ. ಡಿವೈಸ್ ಪತ್ತೆ ಆಮೇಲೆ ಆಗಲಿ.

ಪಕ್ಕದ ಮನೆಯವರ ಫೋನೇ ಅಂತ ಗೊತ್ತಾದರೆ? ಜಗಳಕ್ಕೆ ಹೋಗುವ ಮುಂಚೆ ನೆನಪು ಮಾಡಿಕೊಳ್ಳಿ, ಯಾವತ್ತೋ ಅವರ ನೆಟ್ ಹೋಗಿದ್ದಾಗ ನೀವೇ ಪಾಸ್‌ವರ್ಡ್ ಕೊಟ್ಟಿರಬಹುದು. ಫೋನ್ ಅದನ್ನು ಮರೆತಿಲ್ಲ, ಅಷ್ಟೇ. ಪಾಸ್‌ವರ್ಡ್ ಬದಲಾಯಿಸಿ ಸುಮ್ಮನಾದರೆ ಸಾಕು. ಅವರ ಡಿವೈಸ್ ಒಳಗೆ ಇಣುಕುವುದು ಅಪರಾಧ, ಅವರು ನಿಮ್ಮ ನೆಟ್ ಬಳಸಿದ್ದರೂ ಸಹ. ಆದರೆ ನಿಮ್ಮ ಕನೆಕ್ಷನ್‌ನಿಂದ ಏನೋ ಕೆಟ್ಟ ಕೆಲಸ ಆಗಿದೆ ಅಂತ ನೋಟಿಸ್ ಬಂದಿದ್ದರೆ ರೂಟರ್ ರೀಸೆಟ್ ಮಾಡಬೇಡಿ. ಲಾಗ್ ಅಳಿಸಿಹೋಗುತ್ತದೆ. ಸ್ಕ್ರೀನ್‌ಶಾಟ್‌ಗಳ ಜೊತೆ ಸೈಬರ್ ಪೊಲೀಸರ ಹತ್ತಿರ ಹೋಗಿ.

ಮುಂದಿನ ಸಲ ಹುಡುಕಾಟ ಚಿಕ್ಕದಾಗಲಿ ಅಂತ

ಒಂದೊಂದು ಡಿವೈಸ್ ಗುರುತು ಸಿಕ್ಕಂತೆ ರೂಟರ್‌ನಲ್ಲೇ ಅದಕ್ಕೆ ಹೆಸರಿಡಿ. ಬಹಳಷ್ಟು ರೂಟರ್‌ಗಳಲ್ಲಿ ಹೆಸರಿನ ಪಕ್ಕ ಪೆನ್ಸಿಲ್ ಚಿತ್ರ ಇರುತ್ತದೆ. ಬಲ್ಬು, ಪ್ಲಗ್ಗು, ಕ್ಯಾಮೆರಾ ಎಲ್ಲವನ್ನೂ ಗೆಸ್ಟ್ ನೆಟ್‌ವರ್ಕ್‌ಗೆ (ಅದೇ ರೂಟರ್‌ನ ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ವೈಫೈ) ಹಾಕಿದರೆ ಮುಖ್ಯ ಪಟ್ಟಿ ಚಿಕ್ಕದಾಗುತ್ತದೆ, ಅವು ನಿಮ್ಮ ಲ್ಯಾಪ್‌ಟಾಪ್ ಹತ್ತಿರ ಸುಳಿಯುವುದೂ ತಪ್ಪುತ್ತದೆ. ನೆಂಟರಿಗೂ ಅದೇ ಪಾಸ್‌ವರ್ಡ್ ಕೊಡಿ. ಹೊಸ ಡಿವೈಸ್ ಸೇರಿದಾಗ ಫೋನಿಗೆ ಸೂಚನೆ ಕಳಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಅದು ಬಂದ ಹೊತ್ತಿನಲ್ಲೇ ಕತ್ತೆತ್ತಿ ನೋಡಿದರೆ ಯಾರು ಏನು ಆನ್ ಮಾಡಿದರು ಅಂತ ಕಣ್ಣೆದುರೇ ಇರುತ್ತದೆ.

ನಮ್ಮನೆ ಪಟ್ಟಿಯಲ್ಲಿ ಈಗ ಒಂದು ಸಾಲಿಗೆ 'ಅಪ್ಪನ ತೂಕ' ಅಂತ ಹೆಸರು. ದಿನಾ ಬೆಳಿಗ್ಗೆ ಆರೂ ಹತ್ತಕ್ಕೆ ಹಸಿರಾಗಿ, ಆರೂ ಹನ್ನೆರಡಕ್ಕೆ ಬೂದಾಗುತ್ತದೆ.